ಬೆಳೆ ಹೋದ ವರ್ಷ ಸಾಲದ ಲೆಕ್ಕ: ಯಾವುದು ಮೊದಲು, ಯಾವುದು ಆಮೇಲೆ?

ಈ ವಾರ ಬಿತ್ತನೆ ಬೀಜದ ಮಾತಿಲ್ಲ, ರೋಗಕ್ಕೆ ಯಾವ ಔಷಧಿ ಅನ್ನೋದೂ ಇಲ್ಲ. ಬೆಳೆ ಕೈಕೊಟ್ಟ ವರ್ಷ ಮನೆಯೊಳಗೆ ಉಳಿದುಬಿಡುವ ಸಾಲದ ಬಗ್ಗೆ ಬರೆಯುತ್ತಿದ್ದೇನೆ. ಹೊಲದಲ್ಲಿ ಹುಳ ಬಿದ್ದರೆ ಫೋಟೋ ತೆಗೆದು ಹತ್ತು ಜನಕ್ಕೆ ಕಳಿಸುತ್ತೇವೆ. ಸಾಲ ಬಿದ್ದರೆ ಮಾತ್ರ ಯಾರಿಗೂ ಹೇಳಲ್ಲ. ಹೇಳದೇ ಇದ್ದಾಗ ಅದು ಬೆಳೆಯುತ್ತೆ.

ನಮ್ಮದು ಚಳ್ಳಕೆರೆ ತಾಲ್ಲೂಕು. ಅಪ್ಪನ ಹೆಸರಲ್ಲಿ ಐದು ಎಕರೆ, ಅಮ್ಮನ ಹೆಸರಲ್ಲಿ ಒಂದೂವರೆ ಎಕರೆ, ಎಲ್ಲಾ ಖುಷ್ಕಿ. ಶೇಂಗಾನೇ ಮುಖ್ಯ ಬೆಳೆ. 2023ರ ಮುಂಗಾರು ಹೇಗಿತ್ತು ಅಂತ ನಿಮಗೂ ನೆನಪಿರುತ್ತೆ. ಸೆಪ್ಟೆಂಬರ್‌ನಲ್ಲಿ ಸರ್ಕಾರ 195 ತಾಲ್ಲೂಕುಗಳನ್ನ ಬರಪೀಡಿತ ಅಂತ ಘೋಷಿಸಿತು. ಆಮೇಲೆ ಆ ಪಟ್ಟಿ 236 ತಾಲ್ಲೂಕುಗಳ ಪೈಕಿ 223ಕ್ಕೆ ಹೋಯಿತು. ನಮ್ಮ ಹೊಲದಲ್ಲಿ ಗಿಡ ಹೂವಿಗೆ ಬಂದಾಗ ಮಳೆ ನಿಂತಿತು. ಕಿತ್ತು ನೋಡಿದರೆ ಗಿಡಕ್ಕೆ ಎರಡು ಮೂರು ಕಾಯಿ, ಅದರಲ್ಲೂ ಜೊಳ್ಳೇ ಜಾಸ್ತಿ. ಕೀಳುವ ಕೂಲಿನೂ ಹುಟ್ಟಲ್ಲ ಅಂತ ಅರ್ಧ ಹೊಲ ಕುರಿಗೆ ಬಿಟ್ಟೆವು.

ಮೊದಲು ಪಟ್ಟಿ

ಆ ನವೆಂಬರ್‌ನಲ್ಲಿ ನಮ್ಮನೇಲಿ ಯಾರನ್ನಾದರೂ "ಒಟ್ಟು ಸಾಲ ಎಷ್ಟು?" ಅಂತ ಕೇಳಿದ್ರೆ ಒಬ್ಬೊಬ್ಬರು ಒಂದೊಂದು ಲೆಕ್ಕ ಹೇಳೋರು. ಅಪ್ಪನಿಗೆ ಬ್ಯಾಂಕಿನದ್ದು, ಅಂಗಡಿದು ಗೊತ್ತು. ಅಮ್ಮನಿಗೆ ಸಂಘದ್ದು ಗೊತ್ತು. ಒಡವೆ ಅಡ ಇಟ್ಟಿದ್ದು ನನಗೆ, ನನ್ನ ಹೆಂಡತಿಗೆ ಗೊತ್ತು. ಬೆಂಗಳೂರಿನ ಗೋದಾಮಿನಲ್ಲಿ ಕೆಲಸ ಮಾಡುವ ತಮ್ಮನಿಗೆ ಏನೂ ಗೊತ್ತಿರಲಿಲ್ಲ, ಅವನು ತಿಂಗಳಿಗೆ ಆರು ಸಾವಿರ ಕಳಿಸುತ್ತಿದ್ದ ಅಷ್ಟೇ. ದೀಪಾವಳಿಗೆ ಅವನು ಊರಿಗೆ ಬಂದಾಗ ಎಲ್ಲರೂ ಒಟ್ಟಿಗೆ ಕೂತು, ಮೊಬೈಲ್‌ನ ನೋಟ್‌ನಲ್ಲಿ ಒಂದು ಪಟ್ಟಿ ಮಾಡಿದ್ವಿ. ಹೀಗಿತ್ತು:

- ಬ್ಯಾಂಕಿನ ಕಿಸಾನ್ ಕ್ರೆಡಿಟ್ ಕಾರ್ಡ್ ಸಾಲ, ಅಪ್ಪನ ಜಮೀನು ಆಧಾರ: 2,40,000
- ಸಹಕಾರ ಸಂಘದ ಬೆಳೆ ಸಾಲ, ಅಮ್ಮನ ಹೆಸರಲ್ಲಿ: 50,000
- ಒಡವೆ ಸಾಲ: 1,10,000
- ಅಮ್ಮನ ಮೈಕ್ರೋಫೈನಾನ್ಸ್ ಸಾಲದ ಬಾಕಿ: 42,000
- ಕೈಗಡ, ನೂರಕ್ಕೆ ತಿಂಗಳಿಗೆ 3 ರೂಪಾಯಿ ಬಡ್ಡಿ: 1,50,000
- ಗೊಬ್ಬರದ ಅಂಗಡಿ ಬಾಕಿ: 38,000

ಒಟ್ಟು 6,30,000. ಆ ಅಂಕಿ ನೋಡಿ ಅಪ್ಪ ಎದ್ದು ಹೊರಗೆ ಹೋದರು. ಸ್ವಲ್ಪ ಹೊತ್ತಾದ ಮೇಲೆ ವಾಪಸ್ ಬಂದು "ನಾನು ಎಂಟು ಲಕ್ಷ ಆಗೈತೆ ಅಂದ್ಕೊಂಡಿದ್ದೆ" ಅಂದರು. ಲೆಕ್ಕ ಹಾಕದ ಸಾಲ ಮನಸ್ಸಿನಲ್ಲಿ ಯಾವಾಗಲೂ ನಿಜಕ್ಕಿಂತ ದೊಡ್ಡದಾಗಿಯೇ ಇರುತ್ತೆ.

ಭಯದ ಕ್ರಮ ಬೇರೆ, ಬಡ್ಡಿಯ ಕ್ರಮ ಬೇರೆ

ಪಟ್ಟಿ ಪಕ್ಕದಲ್ಲಿ ಇನ್ನೊಂದು ಸಾಲು ಬರೆಯಿರಿ: ಇದಕ್ಕೆ ವರ್ಷಕ್ಕೆ ಬಡ್ಡಿ ಎಷ್ಟು? ನಮ್ಮದು ಹೀಗೆ ಬಂತು. ಬ್ಯಾಂಕಿನದ್ದು ಶೇ. 7ರಂತೆ 16,800. ಒಡವೆದು ಶೇ. 9ರಂತೆ 9,900. ಮೈಕ್ರೋಫೈನಾನ್ಸ್ ಹೆಚ್ಚುಕಮ್ಮಿ 10,000. ಸಂಘದ್ದು ಗಡುವಿನೊಳಗೆ ಕಟ್ಟಿದರೆ ಸೊನ್ನೆ. ಅಂಗಡಿದು ಸದ್ಯಕ್ಕೆ ಬಡ್ಡಿ ಇಲ್ಲ. ಕೈಗಡದ್ದು? ತಿಂಗಳಿಗೆ 4,500, ವರ್ಷಕ್ಕೆ 54,000.

ಒಟ್ಟು ಸಾಲದಲ್ಲಿ ಕಾಲು ಭಾಗಕ್ಕಿಂತ ಕಮ್ಮಿ ಇದ್ದ ಕೈಗಡ, ಒಟ್ಟು ಬಡ್ಡಿಯಲ್ಲಿ ಅರ್ಧಕ್ಕಿಂತ ಜಾಸ್ತಿ ತಿನ್ನುತ್ತಿತ್ತು. ಆದರೆ ಮನೇಲಿ ಎಲ್ಲರಿಗೂ ಹೆದರಿಕೆ ಇದ್ದದ್ದು ಬ್ಯಾಂಕಿನ ಬಗ್ಗೆ. ಯಾಕಂದ್ರೆ ಬ್ಯಾಂಕಿನವರು ಇಂಗ್ಲಿಷಿನಲ್ಲಿ ಕಾಗದ ಕಳಿಸುತ್ತಾರೆ, ಜಮೀನು ಅವರ ಹತ್ರ ಆಧಾರ ಇದೆ. ಕೈಗಡ ಕೊಟ್ಟವರು ಮನೆಗೆ ಬಂದು ಕಾಫಿ ಕುಡಿದು "ನಿಧಾನಕ್ಕೆ ಕೊಡ್ರಿ, ಬಡ್ಡಿ ಮಾತ್ರ ತಪ್ಪಿಸಬೇಡಿ" ಅನ್ನೋರು. ನಗುನಗುತ್ತಾ ಮಾತಾಡೋ ಸಾಲ ಅಗ್ಗದ್ದು ಅಂತ ಅನ್ನಿಸುತ್ತೆ. "ಮೂರು ರೂಪಾಯಿ ಬಡ್ಡಿ" ಅಂದ್ರೆ ಕಿವಿಗೆ ಸಣ್ಣದಾಗಿ ಕೇಳುತ್ತೆ, ಆದರೆ ಅದು ವರ್ಷಕ್ಕೆ ಶೇ. 36. ಮೂರು ವರ್ಷ ತುಂಬೋದ್ರೊಳಗೆ ಬಡ್ಡಿನೇ ಅಸಲನ್ನ ದಾಟುತ್ತೆ, ಅಸಲು ಹಾಗೇ ಇರುತ್ತೆ.

ಇದಕ್ಕೆ ಕಾನೂನೂ ಇದೆ. 1961ರ ಕರ್ನಾಟಕ ಲೇವಾದೇವಿದಾರರ ಕಾಯ್ದೆ ಪ್ರಕಾರ ಬಡ್ಡಿ ವ್ಯವಹಾರ ಮಾಡುವವರಿಗೆ ಪರವಾನಗಿ ಇರಲೇಬೇಕು. ಆಧಾರ ಇಟ್ಟುಕೊಂಡ ಸಾಲಕ್ಕೆ ವರ್ಷಕ್ಕೆ ಶೇ. 14, ಆಧಾರ ಇಲ್ಲದ್ದಕ್ಕೆ ಶೇ. 16ಕ್ಕಿಂತ ಜಾಸ್ತಿ ತಗೊಳ್ಳೋ ಹಾಗಿಲ್ಲ. ಮೀಟರ್ ಬಡ್ಡಿ ತಡೆಯೋಕೆ 2004ರಲ್ಲಿ ಇನ್ನೊಂದು ಕಾಯ್ದೆ ಬಂತು. ಊರಲ್ಲಿ ಎಷ್ಟು ಜನ ಇದನ್ನ ಪಾಲಿಸ್ತಾರೆ ಅನ್ನೋದು ಬೇರೆ ಮಾತು. ಆದರೆ ಮಾತುಕತೆಗೆ ಕೂತಾಗ ಈ ಅಂಕಿ ನಿಮಗೆ ಗೊತ್ತಿದ್ದರೆ ಮಾತಿನ ದಾಟಿಯೇ ಬದಲಾಗುತ್ತೆ.

"ಬರೀ ಭದ್ರತೆಗೆ ಒಂದು ಸಹಿ"

ಡಿಸೆಂಬರ್‌ನಲ್ಲಿ ಎರಡು ತಿಂಗಳ ಬಡ್ಡಿ ನಿಂತಿತು. ಆಗ ಕೈಗಡದವರ ಕಡೆಯಿಂದ ಹೊಸ ಮಾತು ಬಂತು: ಅಮ್ಮನ ಒಂದೂವರೆ ಎಕರೆಗೆ ಕ್ರಯದ ಕರಾರು ಬರೆದುಕೊಡಿ, ಬರೀ ಭದ್ರತೆಗೆ ಅಷ್ಟೇ, ದುಡ್ಡು ಕೊಟ್ಟ ದಿನ ಹರಿದುಹಾಕ್ತೀವಿ ಅಂತ.

ಯುವ ರೈತರು ಈ ಜಾಗವನ್ನ ಗಮನ ಇಟ್ಟು ಓದಿ. ನಮ್ಮ ಕಡೆ ಜಮೀನು ಕಳಕೊಂಡ ಸುಮಾರು ಮನೆಗಳ ಕತೆ ಇಲ್ಲಿಂದಲೇ ಶುರುವಾಗಿದೆ. ಅಡಮಾನ ಬೇರೆ, ಕ್ರಯ ಬೇರೆ. 1882ರ ಸ್ವತ್ತು ವರ್ಗಾವಣೆ ಕಾಯ್ದೆ ಪ್ರಕಾರ ಅಡಮಾನ ಇಟ್ಟವರಿಗೆ ಸಾಲ ತೀರಿಸಿ ಬಿಡಿಸಿಕೊಳ್ಳುವ ಹಕ್ಕು ಇರುತ್ತೆ. ಆದರೆ ಕ್ರಯಪತ್ರ ಮಾಡಿಕೊಟ್ಟು, "ದುಡ್ಡು ಕೊಟ್ಟರೆ ವಾಪಸ್" ಅನ್ನೋ ಷರತ್ತು ಅದೇ ಪತ್ರದಲ್ಲಿ ಇಲ್ಲದಿದ್ದರೆ ಕಾನೂನು ಅದನ್ನ ಅಡಮಾನ ಅಂತ ನೋಡಲ್ಲ. ಬಾಯಿಮಾತು ಲೆಕ್ಕಕ್ಕಿಲ್ಲ. ಬೇರೆ ಬಿಳಿ ಹಾಳೆಯಲ್ಲಿ ಬರೆದುಕೊಂಡ ಷರತ್ತೂ ಸಾಲದು. ಬರೀ ಕರಾರು ಆದರೂ ಅದನ್ನ ಹಿಡಿದು ಕೋರ್ಟಿಗೆ ಹೋಗಿ "ಕ್ರಯ ಮಾಡಿಸಿಕೊಡಿ" ಅಂತ ಕೇಳಬಹುದು. ಆಗ ವರ್ಷಗಟ್ಟಲೆ ಅಲೆಯಬೇಕಾದವರು ನೀವು.

ಅಮ್ಮ ಸಹಿ ಹಾಕಲಿಲ್ಲ. "ಹೊಲ ನನ್ನ ತವರಿಂದು, ಕೇಳಬೇಕಾದ್ರೆ ನನ್ನನ್ನ ಕೇಳಲಿ" ಅಂದುಬಿಟ್ಟಳು. ನಾವು ಚಳ್ಳಕೆರೆ ಕೋರ್ಟ್ ಆವರಣದ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ ಒಬ್ಬ ವಕೀಲರ ಸಲಹೆ ಪಡೆದೆವು, ದುಡ್ಡಿಲ್ಲದೆ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತೆ, ಉಳಿದವರಿಗೆ ಆದಾಯದ ಮಿತಿ ಇದೆ. ಸಹಾಯವಾಣಿ 15100. ಯಾವ ಪತ್ರಕ್ಕೇ ಆಗಲಿ, ಸಹಿ ಹಾಕೋ ಮುಂಚೆ ಫೋಟೋ ತೆಗೆದು ಒಬ್ಬ ವಕೀಲರಿಗೆ ತೋರಿಸಿ. ಆಮೇಲೆ ತೋರಿಸಿದರೆ ಅವರು ಹೇಳೋದು ಬರೀ ಕೇಸಿನ ಖರ್ಚು.

ಕುರಿ ಮಾರಿದ ದಿನ

ಸಂಕ್ರಾಂತಿ ಹೊತ್ತಿಗೆ ನಮ್ಮ ಹತ್ರ 22 ಕುರಿ ಇದ್ದವು. ಮೇವಿಲ್ಲದೆ ಬಡಕಲಾಗಿದ್ದವು. ಅಪ್ಪ ಅವನ್ನ ಮಾರೋಕೆ ಒಪ್ಪಲಿಲ್ಲ. "ಹೊಲ ಕೈಬಿಟ್ಟಾಗ ಕೈ ಹಿಡಿದಿದ್ದೇ ಕುರಿ" ಅನ್ನೋರು. ತಪ್ಪು ಮಾತಲ್ಲ, ಬರಗಾಲದ ಬ್ಯಾಂಕು ಅಂದ್ರೆ ಅದೇ. ನಾನು ಪಟ್ಟಿ ತೋರಿಸಿ ಒಂದೇ ಪ್ರಶ್ನೆ ಕೇಳಿದೆ: ಈ ಕುರಿ ವರ್ಷಕ್ಕೆ 54,000 ದುಡಿಯುತ್ತವಾ? ಮೇವು ಕೊಂಡು ಹಾಕುವ ವರ್ಷದಲ್ಲಿ? ಅಪ್ಪ ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ತಾವೇ 18 ಕುರಿ ಆರಿಸಿ ಕೊಟ್ಟರು, ನಾಲ್ಕು ಎಳೆ ಹೆಣ್ಣು ಕುರಿ ಉಳಿಸಿಕೊಂಡರು. ಸಂತೆಯಲ್ಲಿ 1,35,000 ಬಂತು. ತಮ್ಮ 15,000 ಹಾಕಿದ. ಕೈಗಡ ಅಸಲು ಮುಗಿಯಿತು. ಬಾಕಿ ಬಡ್ಡಿ ಬಗ್ಗೆ ಊರ ಹಿರಿಯರನ್ನ ಕೂರಿಸಿ ಮಾತಾಡಿ ಬಿಡಿಸಿಕೊಂಡೆವು.

ತೀರಿಸುವಾಗ ನಾವು ಮಾಡಿದ ಮೂರು ಕೆಲಸ ನೀವೂ ಮಾಡಿ. ಒಂದು, ನಗದು ಕೊಡಲಿಲ್ಲ, ಖಾತೆಗೆ ಹಾಕಿದೆವು, ದಾಖಲೆ ಉಳಿಯಿತು. ಎರಡು, ಸಾಲ ತಗೊಂಡಾಗ ಕೊಟ್ಟಿದ್ದ ಪ್ರಾಮಿಸರಿ ನೋಟು, ಖಾಲಿ ಚೆಕ್ಕು ಎಲ್ಲಾ ಅಲ್ಲೇ ವಾಪಸ್ ತಗೊಂಡೆವು. ಮೂರು, "ಪೂರ್ತಿ ಚುಕ್ತಾ ಆಗಿದೆ" ಅಂತ ಬರೆಸಿ, ಇಬ್ಬರು ಸಾಕ್ಷಿ ಹಾಕಿಸಿದೆವು.

ಮರು ತಿಂಗಳಿಂದ 4,500 ಉಳಿಯಿತು. ಅದರಲ್ಲೇ ಮೈಕ್ರೋಫೈನಾನ್ಸ್ ಕಂತು 3,150, ಒಡವೆ ಸಾಲದ ತಿಂಗಳ ಬಡ್ಡಿ 825 ಎರಡೂ ನಡೆದವು. ಒಂದು ದುಬಾರಿ ಸಾಲ ಮುಗಿದರೆ ಉಳಿದ ಸಾಲಗಳಿಗೆ ದಾರಿ ತಾನಾಗೇ ಸಿಗುತ್ತೆ.

ಬ್ಯಾಂಕಿಗೆ ಮುಖ ತಪ್ಪಿಸಬೇಡಿ

ಬೆಳೆ ಹೋದಾಗ ನಮ್ಮ ಜನ ಮಾಡೋ ಮೊದಲ ಕೆಲಸ ಬ್ಯಾಂಕಿನ ದಾರಿ ಬಿಟ್ಟು ಓಡಾಡೋದು. ಮಾಡಬೇಕಾದದ್ದು ಉಲ್ಟಾ. ಬರ ಘೋಷಣೆ ಆದ ಪ್ರದೇಶದಲ್ಲಿ ಶೇ. 33ಕ್ಕಿಂತ ಜಾಸ್ತಿ ಬೆಳೆ ನಷ್ಟ ಆಗಿದ್ದರೆ, ಬೆಳೆ ಸಾಲವನ್ನ ಅವಧಿ ಸಾಲವಾಗಿ ಬದಲಾಯಿಸಿ ಕಂತು ಮಾಡಿಕೊಡೋಕೆ ರಿಸರ್ವ್ ಬ್ಯಾಂಕ್ ನಿಯಮದಲ್ಲಿ ಅವಕಾಶ ಇತ್ತು. ನಾವು ಅರ್ಜಿ ಹಾಕಿದಾಗ ಇದ್ದ ನಿಯಮದಂತೆ, ನಷ್ಟ ಶೇ. 33ರಿಂದ 50ರ ಒಳಗಿದ್ದರೆ ಎರಡು ವರ್ಷದವರೆಗೆ, ಶೇ. 50 ಮೇಲ್ಪಟ್ಟರೆ ಐದು ವರ್ಷದವರೆಗೆ ಸಮಯ. ಇದರಲ್ಲಿ ಮೊದಲ ಒಂದು ವರ್ಷ ಕಂತಿಲ್ಲ. ಬರ ಘೋಷಣೆಯಾದ ಮೇಲೆ ಮೂರು ತಿಂಗಳೊಳಗೆ ಬ್ಯಾಂಕು ಈ ಕೆಲಸ ಮುಗಿಸಬೇಕು ಅಂತಿತ್ತು. ಇಂಥ ನಿಯಮ ಆಗಾಗ ಬದಲಾಗುತ್ತಿರುತ್ತೆ, ಈಗಿನದ್ದನ್ನ ನಿಮ್ಮ ಶಾಖೆಯಲ್ಲೇ ಕೇಳಿ. ಮುಖ್ಯ ಸಂಗತಿ, ಕೇಳದೆ ಇದ್ದವರಿಗೆ ಇದು ತಾನಾಗಿ ಸಿಗೋದು ಕಷ್ಟ.

ಅಪ್ಪ ಮತ್ತು ನಾನು ಪಹಣಿ, ಬೆಳೆ ಸಮೀಕ್ಷೆಯ ವಿವರ, ಹೊಲದ ಫೋಟೋ, ಒಂದು ಪುಟದ ಅರ್ಜಿ ಹಿಡಿದು ಹೋದೆವು. ಅರ್ಜಿಯ ಇನ್ನೊಂದು ಪ್ರತಿಗೆ ಸೀಲು, ದಿನಾಂಕ ಹಾಕಿಸಿಕೊಂಡೆವು. ಎರಡು ಸಲ ಅಲೆದಾಡಿದ ಮೇಲೆ 2,40,000 ಐದು ವರ್ಷಕ್ಕೆ ಹೋಯಿತು, ಮೊದಲ ವರ್ಷ ಬಡ್ಡಿ ಮಾತ್ರ. ಸಾಲ ಕಮ್ಮಿ ಆಗಲಿಲ್ಲ, ಆದರೆ ಸುಸ್ತಿ ಅನ್ನೋ ಹಣೆಪಟ್ಟಿ ಬೀಳಲಿಲ್ಲ.

ಆ ಹಣೆಪಟ್ಟಿ ಯಾವಾಗ ಬೀಳುತ್ತೆ ಅನ್ನೋದೂ ಗೊತ್ತಿರಲಿ. ಶೇಂಗಾ, ರಾಗಿ, ಮೆಕ್ಕೆಜೋಳದಂಥ ಅಲ್ಪಾವಧಿ ಬೆಳೆಯ ಸಾಲ ಗಡುವು ಮೀರಿ ಎರಡು ಬೆಳೆ ಹಂಗಾಮು ಬಾಕಿ ಉಳಿದರೆ ಬ್ಯಾಂಕು ಅದನ್ನ ವಸೂಲಾಗದ ಸಾಲ ಅಂತ ಗುರುತಿಸುತ್ತೆ. ಆಮೇಲೆ ಸಿಬಿಲ್ ಅಂಕ ಬಿದ್ದು ನಿಮಗೆ ಟ್ರ್ಯಾಕ್ಟರ್ ಸಾಲನೂ ಹುಟ್ಟಲ್ಲ.

ಇನ್ನು ಎಲ್ಲರ ಎದೆಯಲ್ಲೂ ಇರುವ ಪ್ರಶ್ನೆ: ಬ್ಯಾಂಕಿನವರು ನಾಳೆನೇ ಬಂದು ಹೊಲಕ್ಕೆ ಬೋರ್ಡ್ ಹಾಕ್ತಾರಾ? 2002ರ ಸರ್ಫೇಸಿ ಕಾಯ್ದೆಯಲ್ಲಿ ಬ್ಯಾಂಕಿಗೆ ಕೋರ್ಟಿಗೆ ಹೋಗದೆ ಆಸ್ತಿ ವಶಕ್ಕೆ ತಗೊಳ್ಳೋ ಅಧಿಕಾರ ಇದೆ, ಆದರೆ ಆ ಕಾಯ್ದೆ ಕೃಷಿ ಜಮೀನಿಗೆ ಅನ್ವಯಿಸಲ್ಲ. ಕೃಷಿ ಜಮೀನಿನ ಮೇಲಿನ ಸಾಲ ವಸೂಲಿಗೆ ಬೇರೆ ಕಾನೂನು ಪ್ರಕ್ರಿಯೆ ನಡೆಯಬೇಕು, ಅಲ್ಲಿ ನಿಮ್ಮ ಮಾತು ಹೇಳೋಕೆ ಅವಕಾಶ ಇರುತ್ತೆ. ಅದಕ್ಕೇ ನೋಟಿಸು ಬಂದರೆ ಹೆಂಚಿನ ಸಂದಿಗೆ ಸಿಕ್ಕಿಸಿ ಮರೆಯಬೇಡಿ, ಉತ್ತರ ಕೊಡಿ. ಮನೆ, ಸೈಟು, ಭೂಪರಿವರ್ತನೆ ಆದ ಜಾಗ ಆಧಾರ ಇಟ್ಟಿದ್ದರೆ ಮಾತ್ರ ಲೆಕ್ಕ ಬೇರೆ. ಅಲ್ಲಿ ಸರ್ಫೇಸಿ ಬರುತ್ತೆ, ಮೊದಲ ನೋಟಿಸಿನಿಂದ ನಿಮಗಿರೋದು 60 ದಿನ.

ಎಷ್ಟೋ ಸಾಲಕ್ಕೆ ಜಮೀನು ಆಧಾರ ಕೊಡಬೇಕಾಗೇ ಇಲ್ಲ ಅನ್ನೋದೂ ತಿಳಿದಿರಲಿ. ಆಧಾರವಿಲ್ಲದ ಕೃಷಿ ಸಾಲದ ಮಿತಿಯನ್ನ ರಿಸರ್ವ್ ಬ್ಯಾಂಕ್ 1.6 ಲಕ್ಷದಿಂದ 2 ಲಕ್ಷಕ್ಕೆ ಏರಿಸಿದೆ, 2025ರ ಜನವರಿ 1ರಿಂದ ಇದು ಜಾರಿಯಲ್ಲಿದೆ.

ಸಣ್ಣ ಸಾಲ, ದೊಡ್ಡ ಕಿರಿಕಿರಿ

ಅಮ್ಮನ ಗುಂಪಿನ ಸಾಲಕ್ಕೆ ಒಂದು ಕಂತು ತಡ ಆದಾಗ ರಾತ್ರಿ ಎಂಟಕ್ಕೆ ವಸೂಲಿಯವರು ಬಂದು ಬಾಗಿಲಲ್ಲಿ ಕೂತರು. ತಮ್ಮ ಫೋನಿನಲ್ಲಿ ರಿಸರ್ವ್ ಬ್ಯಾಂಕಿನ ನಿಯಮ ತೆಗೆದು ಓದಿ ಹೇಳಿದ: ಮೈಕ್ರೋಫೈನಾನ್ಸ್ ಸಾಲಕ್ಕೆ ಬೆಳಗ್ಗೆ 9ಕ್ಕಿಂತ ಮುಂಚೆ, ಸಂಜೆ 6ರ ಮೇಲೆ ಸಾಲಗಾರರಿಗೆ ಫೋನ್ ಕೂಡ ಮಾಡುವ ಹಾಗಿಲ್ಲ. ಎದ್ದು ಹೋದರು. ನಾವೂ ಕಂತನ್ನ ಮುಂದಿನ ವಾರ ಕಟ್ಟಿದೆವು.

2025ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಕಿರುಸಾಲ ವಸೂಲಿಯ ಕಿರುಕುಳ ತಡೆಯೋಕೆ ಸುಗ್ರೀವಾಜ್ಞೆ ತಂತು. ಬೆದರಿಸಿ ವಸೂಲಿ ಮಾಡಿದರೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಅಂತ ಅದರಲ್ಲಿದೆ. ಕಿರುಕುಳ ಆದರೆ ಪೊಲೀಸ್ ಠಾಣೆಗೆ ಹೋಗಿ. ಮೈಕ್ರೋಫೈನಾನ್ಸ್ ಸಾಲಕ್ಕೆ ಆಧಾರ ಕೇಳುವ ಹಾಗಿಲ್ಲ, ಮನೆಯ ಎಲ್ಲಾ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟುವಂತೆ ಹೊಸ ಸಾಲ ಕೊಡುವ ಹಾಗೂ ಇಲ್ಲ.

ಮೊಬೈಲ್ ಆ್ಯಪ್ ಸಾಲದ ಬಗ್ಗೆ ನಮ್ಮ ವಯಸ್ಸಿನವರಿಗೆ ಒಂದು ಮಾತು. ಐದು ನಿಮಿಷದಲ್ಲಿ ಹಣ ಅಂದಾಗ ಕೈ ತಾನಾಗೇ ಹೋಗುತ್ತೆ. ಆದರೆ ಫೋನಿನ ಕಾಂಟ್ಯಾಕ್ಟ್ ಪಟ್ಟಿ, ಫೋಟೋ ನೋಡೋಕೆ ಅನುಮತಿ ಕೇಳೋ ಸಾಲದ ಆ್ಯಪ್ ನಿಯಮ ಮುರಿಯುತ್ತಿದೆ ಅಂತಲೇ ಅರ್ಥ. ಅಲ್ಲೇ ಬಿಟ್ಟುಬಿಡಿ. ಈಗಾಗಲೇ ಸಿಕ್ಕಿಕೊಂಡು ಬೆದರಿಕೆ ಬರುತ್ತಿದ್ದರೆ 1930ಕ್ಕೆ ಫೋನ್ ಮಾಡಿ.

ಇನ್ನೊಂದು ಬಲೆ: ಬೆಳೆ ಸಾಲ ನವೀಕರಣಕ್ಕೆ ಎರಡು ದಿನದ ಮಟ್ಟಿಗೆ ಹಣ ಕೊಡ್ತೀವಿ ಅಂತ ಬ್ಯಾಂಕಿನ ಹೊರಗೇ ನಿಂತಿರೋರು ಇರ್ತಾರೆ. ಎರಡು ದಿನಕ್ಕೆ ಅವರು ತಗೊಳ್ಳೋ ಮೊತ್ತವನ್ನ ವರ್ಷದ ಬಡ್ಡಿಗೆ ಲೆಕ್ಕ ಹಾಕಿ ನೋಡಿ, ಬ್ಯಾಂಕಿನಿಂದ ಉಳಿಸಿದ್ದೆಲ್ಲಾ ಅಲ್ಲೇ ಹೋಗಿರುತ್ತೆ.

ಬರುವ ಹಣಕ್ಕೆ ದಾಖಲೆ ಸರಿ ಇರಲಿ

2024ರ ಜನವರಿಯಲ್ಲಿ ಬರ ಪರಿಹಾರದ ಮೊದಲ ಕಂತು ಅಂತ ರಾಜ್ಯ ಸರ್ಕಾರ ತಲಾ 2,000ದವರೆಗೆ ಹಾಕಿತು. ಕೇಂದ್ರದ ಹಣ ಬಿಡುಗಡೆ ಆದ ಮೇಲೆ ಮೇ ತಿಂಗಳಲ್ಲಿ ಉಳಿದದ್ದು ಬಂತು. ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500, ಗರಿಷ್ಠ ಎರಡು ಹೆಕ್ಟೇರಿಗೆ. ಅಪ್ಪ ಅಮ್ಮ ಇಬ್ಬರದೂ ಸೇರಿ ಒಟ್ಟು ಸುಮಾರು 22,000. ಬೆಳೆ ವಿಮೆ 32,000 ಬಂತು. ನಾವು ಇದನ್ನ ಮನೆ ಖರ್ಚಿಗೆ ಮುಟ್ಟಲಿಲ್ಲ. ಜೂನ್ ಗಡುವಿನೊಳಗೆ ಸಹಕಾರ ಸಂಘದ 50,000 ಕಟ್ಟಿದೆವು, ಬಡ್ಡಿ ಸೊನ್ನೆ. ಹತ್ತು ದಿನದಲ್ಲಿ ಅದೇ 50,000 ಹೊಸ ಸಾಲವಾಗಿ ಕೈಗೆ ಬಂತು, ಬಿತ್ತನೆಗೆ ಆಯಿತು. ಸಂಘದ ಶೂನ್ಯ ಬಡ್ಡಿ ಸಾಲದ ಮಿತಿಯನ್ನ 2023ರ ಬಜೆಟ್‌ನಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದ್ದಾರೆ, ಆದರೆ ಒಂದು ದಿನ ಗಡುವು ಮೀರಿದರೂ ಸೊನ್ನೆ ಹೋಗಿ ಬಡ್ಡಿ ಬಂದು ಕೂರುತ್ತೆ. ದಿನಾಂಕವನ್ನ ಫೋನಿನಲ್ಲಿ ಅಲಾರಂ ಇಟ್ಟುಕೊಳ್ಳಿ.

ನಮ್ಮೂರಲ್ಲೇ ಪರಿಹಾರ ಬರದೆ ಉಳಿದವರು ಇದ್ದಾರೆ. ಒಬ್ಬರಿಗೆ ಎಫ್‌ಐಡಿಗೆ ಎಲ್ಲಾ ಸರ್ವೆ ನಂಬರ್ ಸೇರಿರಲಿಲ್ಲ. ಇನ್ನೊಬ್ಬರಿಗೆ ಖಾತೆಗೆ ಆಧಾರ್ ಜೋಡಣೆ ಆಗಿರಲಿಲ್ಲ. ಮತ್ತೊಬ್ಬರಿಗೆ ವಿಮೆ ಕಟ್ಟಿದ್ದು ಶೇಂಗಾಕ್ಕೆ, ಬೆಳೆ ಸಮೀಕ್ಷೆಯಲ್ಲಿ ದಾಖಲಾಗಿದ್ದು ಬೇರೆ ಬೆಳೆ. ಇವು ಮೂರೂ ಮಳೆ ಚೆನ್ನಾಗಿರುವಾಗಲೇ ಸರಿ ಮಾಡಿಕೊಳ್ಳುವ ಕೆಲಸ. ಬೆಳೆ ಸಮೀಕ್ಷೆ ಆ್ಯಪ್‌ನಲ್ಲಿ ನಿಮ್ಮ ಹೊಲದ ಫೋಟೋ ನೀವೇ ಹಾಕಬಹುದು.

ಸಾಲ ತೀರಿದ ಮೇಲೂ ಒಂದು ಕೆಲಸ ಉಳಿದಿರುತ್ತೆ. ಬ್ಯಾಂಕಿನಿಂದ ಬೇಬಾಕಿ ಪತ್ರ ತಗೊಂಡು, ಪಹಣಿಯ 11ನೇ ಕಲಂನಲ್ಲಿರುವ ಋಣ ತೆಗೆಸಿ. ನಮ್ಮ ಅಜ್ಜ ಎಂದೋ ತೀರಿಸಿದ ಸಾಲ ಅಮ್ಮನ ಪಹಣಿಯಲ್ಲಿ ಹಾಗೇ ಕೂತಿತ್ತು, ತೆಗೆಸೋಕೆ ನಾಲ್ಕು ತಿಂಗಳು ಬೇಕಾಯಿತು.

ಮನೆಯವರ ಮುಖ ನೋಡಿ

ಆ ಚಳಿಗಾಲದಲ್ಲಿ ಅಪ್ಪ ರಾತ್ರಿ ನಿದ್ದೆ ಮಾಡುತ್ತಿರಲಿಲ್ಲ. ಊಟ ಕಮ್ಮಿ ಆಯಿತು, ಕಟ್ಟೆ ಮೇಲೆ ಕೂರೋದು ಬಿಟ್ಟರು. ಇಂಥದ್ದು ಕಂಡರೆ "ಎಲ್ಲಾ ಸರಿ ಹೋಗುತ್ತೆ ಬಿಡಪ್ಪ" ಅಂತ ಒಂದು ಮಾತು ಹೇಳಿ ಎದ್ದು ಹೋಗಬೇಡಿ. ಹತ್ರ ಕೂತು ನೇರವಾಗಿ ಕೇಳಿ. ಒಂಟಿಯಾಗಿ ಬಿಡಬೇಡಿ, ಕ್ರಿಮಿನಾಶಕದ ಡಬ್ಬಿ ಬೀಗದೊಳಗಿಡಿ. ಟೆಲಿ ಮನಸ್ ಸಹಾಯವಾಣಿ 14416 ಹಗಲೂ ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ. ನಾನು ಮೊದಲು ಫೋನ್ ಮಾಡಿ ಮಾತಾಡಿ, ಆಮೇಲೆ ಅಪ್ಪನ ಕೈಗೆ ಕೊಟ್ಟೆ. ಅಪ್ಪ ಇಪ್ಪತ್ತು ನಿಮಿಷ ಮಾತಾಡಿದರು. ಏನು ಮಾತಾಡಿದರು ಅಂತ ನಾವು ಇವತ್ತಿಗೂ ಕೇಳಿಲ್ಲ.

ಇವತ್ತಿನ ಸ್ಥಿತಿ ಹೇಳಿಬಿಡ್ತೀನಿ, ಪೂರ್ತಿ ಗೆದ್ದೆವು ಅಂತ ಯಾರೂ ತಿಳಿಯೋದು ಬೇಡ. 2024ರ ಮಳೆ ಕೈಹಿಡಿಯಿತು, ಅಂಗಡಿ ಬಾಕಿ ತೀರಿತು. ಮೈಕ್ರೋಫೈನಾನ್ಸ್ 2025ರಲ್ಲಿ ಮುಗಿಯಿತು. ಒಡವೆ ಅರ್ಧ ಬಿಡಿಸಿದ್ದೇವೆ, 55,000 ಬಾಕಿ. ಬ್ಯಾಂಕಿಗೆ ಮೊದಲ ಕಂತು ಹೋಗಿ 1,80,000 ಉಳಿದಿದೆ. ಸಂಘದ 50,000 ತಿರುಗುತ್ತಿದೆ. ಒಟ್ಟು 2,85,000. ಆರೂಮುಕ್ಕಾಲು ಅಲ್ಲ, ಆರೂವರೆ ಎಕರೆ ನಮ್ಮ ಹೆಸರಲ್ಲೇ ಇದೆ. ನಾಲ್ಕು ಕುರಿ ಹನ್ನೊಂದಾಗಿವೆ.

ಈ ವಾರ ನೀವು ಮಾಡಬೇಕಾದ್ದು ಒಂದೇ. ಮನೆಯವರೆಲ್ಲಾ ಇರುವ ಒಂದು ಸಂಜೆ ನೋಡಿ, ಹೆಣ್ಣುಮಕ್ಕಳನ್ನೂ ಕೂರಿಸಿಕೊಂಡು, ಫೋನಿನಲ್ಲಿ ಪಟ್ಟಿ ಬರೆಯಿರಿ: ಯಾರಿಗೆ, ಎಷ್ಟು, ವರ್ಷಕ್ಕೆ ಬಡ್ಡಿ ಎಷ್ಟು, ಗಡುವು ಯಾವತ್ತು, ಆಧಾರ ಏನು ಕೊಟ್ಟಿದ್ದೀವಿ. ಐದು ಕಲಂ ಸಾಕು. ಯಾವ ಸಾಲ ಮೊದಲು ತೀರಿಸಬೇಕು ಅಂತ ಆ ಪಟ್ಟಿನೇ ಹೇಳುತ್ತೆ.